ಸಡಿಲವಾಗಿ ಹೋಗಬೇಕಾಗಿದ್ದ ಕಾಲು

ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ನನ್ನ ಅಣ್ಣ ತಾನು ಬದುಕುತ್ತೇನೋ ಇಲ್ಲವೋ ಎಂದು ಕೇಳಲಿಲ್ಲ. "ತಗುದ್ ಮ್ಯಾಲೆ ಅದು ನೋಯ್ತದಾ ಸ್ವಾಮಿ?" ಎಂದ.

"ಗಾಯ ಒಣಗುವವರೆಗೆ ನೋವಿರುತ್ತೆ. ಆಮೇಲೆ ಕಡಿಮೆಯಾಗುತ್ತೆ," ಎಂದರು ಡಾಕ್ಟರು.

"ಗಾಯ ಅಲ್ಲ ಸ್ವಾಮಿ. ಕಾಲು. ನೀವು ತಗುದ್ ಬಿಸಾಕಿರ್ತೀರಲ್ಲ, ಆ ಕಾಲು."

ಡಾಕ್ಟರು ನನ್ನ ಕಡೆ ನೋಡಿದರು. ಹುಣಸೂರಿನ ಆಸ್ಪತ್ರೆಯ ಆ ಉದ್ದನೆಯ ಕೋಣೆಯಲ್ಲಿ ಅಣ್ಣನ ಮಂಚದ ಪಕ್ಕ ಅವರಲ್ಲದೆ ಇದ್ದವರು ಅತ್ತಿಗೆ ಮತ್ತು ನಾನು. ನಾನು ಆಗ ಕೃಷ್ಣರಾಜನಗರದಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟರಾಗಿದ್ದೆ. ಯುದ್ಧದ ದಿನಗಳು. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಲಿನ ಅನಿಲದಿಂದ ಓಡುತ್ತಿದ್ದವು. ಸುದ್ದಿ ತಲುಪಿ, ಅಂಥದೊಂದು ಬಸ್ಸು ಹಿಡಿದು, ಏರು ಬಂದಲ್ಲೆಲ್ಲ ಇಳಿದು ತಳ್ಳಿ, ನಾನು ಬಂದು ಸೇರುವಷ್ಟರಲ್ಲಿ ಅಣ್ಣನ ಪಾದ ಕಪ್ಪಾಗಿ ವಾಸನೆ ಹಿಡಿದಿತ್ತು.

ಅಣ್ಣ ಗಾಡಿ ಹೊಡೆಯುವವನು. ಹೆಗ್ಗಡದೇವನಕೋಟೆಯ ಕಾಡಿನಿಂದ ಮರದ ದಿಮ್ಮಿಗಳನ್ನು ಹುಣಸೂರಿಗೆ ತಂದು ಹಾಕುವುದು ಅವನ ಕೆಲಸ. ಒಂದು ಇಳಿಜಾರಿನಲ್ಲಿ ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಡಲು ಹೋದಾಗ ಕಲ್ಲು ಜಾರಿ, ಕಬ್ಬಿಣದ ಪಟ್ಟೆ ಹಾಕಿದ ಚಕ್ರ ಅವನ ಬಲಪಾದದ ಮೇಲೆ ಹತ್ತಿತು. ಕಟ್ಟೆಮಳಲವಾಡಿಯ ಪಕ್ಕದ ನಮ್ಮ ಊರಿನಲ್ಲಿ ಸೊಪ್ಪು ಅರೆದು ಕಟ್ಟಿಕೊಂಡು ಮಲಗಿದ್ದ. ಜ್ವರ ಏರಿ, ಮೊದಲೇ ಇದ್ದ ಬೀಡಿಯ ಕೆಮ್ಮು ಎದೆಗೆ ಇಳಿದ ಮೇಲೆ ಅತ್ತಿಗೆ ಅವನನ್ನು ಅವನದೇ ಗಾಡಿಯಲ್ಲಿ ಹಾಕಿಸಿಕೊಂಡು ಬಂದಿದ್ದರು.

ಅವನು ಕೇಳಿದ್ದು ಯಾಕೆಂದು ನಾನು ಡಾಕ್ಟರಿಗೆ ಹೇಳಬೇಕಾಯಿತು. ನಮ್ಮ ಅಪ್ಪನ ಬಲಗೈ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಸಿಕ್ಕಿಕೊಂಡಿತ್ತು. ಮಣಿಕಟ್ಟಿನಿಂದ ಮೇಲಕ್ಕೆ ಕತ್ತರಿಸಿದರು. ಗಾಯ ಚೆನ್ನಾಗಿಯೇ ಒಣಗಿತು. ಆದರೆ ಇಲ್ಲದ ಕೈ ಅಪ್ಪನನ್ನು ಬಿಡಲಿಲ್ಲ. ಆ ಕೈ ಮುಷ್ಟಿ ಕಟ್ಟಿಕೊಂಡಿದೆ, ಉಗುರು ಅಂಗೈಯೊಳಕ್ಕೆ ಇಳಿಯುತ್ತಿದೆ ಎನ್ನುತ್ತಿದ್ದರು. ಊಟಕ್ಕೆ ಕೂತರೆ ಅನ್ನ ಬಿಟ್ಟು ಏಳುತ್ತಿದ್ದರು. "ಬಿಚ್ರೋ, ಯಾರಾರ ಬಿಚ್ರೋ" ಎಂದು ಮೊಂಡುಗೈಯನ್ನು ನಮ್ಮ ಮುಂದೆ ಚಾಚುತ್ತಿದ್ದರು. ಅಣ್ಣ ಅವರ ಎದುರಿಗೆ ಕೂತು, ಗಾಳಿಯಲ್ಲಿ ಒಂದೊಂದೇ ಬೆರಳನ್ನು ಬಿಡಿಸಿದ ಹಾಗೆ ಮಾಡುತ್ತಿದ್ದ. ಕೆಲವು ಸಲ ಅಪ್ಪನಿಗೆ ಹಗುರಾಗುತ್ತಿತ್ತು. ಬಹಳ ಸಲ ಆಗುತ್ತಿರಲಿಲ್ಲ. ಸಾಯುವವರೆಗೂ ಹಾಗೇ ಇತ್ತು.

"ಅಂಗೆ ಬದುಕೋದಾದ್ರೆ ನಂಗ್ ಬ್ಯಾಡ ಸ್ವಾಮಿ. ಕಾಲ್ ಜೊತೇಲೆ ನಾನೂ ಓಯ್ತೀನಿ, ಬುಡಿ," ಎಂದ ಅಣ್ಣ.

"ಓಗು, ಓಗು," ಎಂದರು ಅತ್ತಿಗೆ. "ನಾನು ಮಕ್ಕಳ್ನ ಕಟ್ಕಂಡು ನಿನ್ ಎತ್ಗಳಿಗೆ ಉಲ್ ಆಕ್ಕಂಡ್ ಕೂತಿರ್ತೀನಿ. ಅದ್ಕೇ ಅಲ್ವಾ ನನ್ನ ತಂದಿದ್ದು." ಹೇಳಿ ಗೋಡೆಯ ಕಡೆ ತಿರುಗಿಕೊಂಡರು. ಅವರ ಬೆನ್ನು ಅಲುಗುತ್ತಿತ್ತು.

ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. ಮೈಸೂರು ಪಟ್ಟಣದವರು, ನಡುವಯಸ್ಸು, ಮೆಲ್ಲಗೆ ಮಾತಾಡುವ ಮನುಷ್ಯ. ಅಪ್ಪನ ಕೈ ಕೊಯ್ದಾಗ ನಿಮ್ಮಲ್ಲಿ ಯಾರಾದರೂ ಹತ್ತಿರ ಇದ್ದಿರಾ ಎಂದು ಕೇಳಿದರು.

"ನಾನಿದ್ದೆ," ಎಂದ ಅಣ್ಣ. "ಅಮುಕಿ ಇಡ್ಕಂಡಿದ್ರು. ಅಪ್ಪ ಬಡ್ಕತಿದ್ದ. ಉಳಿದಿದ್ ಬೆರಳ್ನೆಲ್ಲ ಮುಷ್ಟಿ ಮಾಡಿದ್ದ. ಅಂಗೇ ಕುಯ್ದ್ರು."

ಡಾಕ್ಟರು ಆಮೇಲೆ ಹೇಳಿದ್ದನ್ನು ನನಗೆ ನೆನಪಿರುವಷ್ಟು ಸರಿಯಾಗಿ ಬರೆಯುತ್ತೇನೆ. ತಮಗೆ ಇದು ಖಚಿತವಾಗಿ ಗೊತ್ತಿಲ್ಲ ಎಂದರು. ಅಂಗ ಹೋಗುವ ಗಳಿಗೆಯಲ್ಲಿ ಮನಸ್ಸು ಯಾವ ಭಯದಲ್ಲಿತ್ತೋ, ಮೈ ಯಾವ ಬಿಗಿಯಲ್ಲಿತ್ತೋ, ನರ ಅದನ್ನೇ ಹಿಡಿದುಕೊಂಡು ಉಳಿಯುತ್ತದೆ ಎಂದು ತಮ್ಮ ಊಹೆ ಎಂದರು. ಅಪ್ಪನ ಕೈ ಮುಷ್ಟಿಯಾಗಿ ಹೋಯಿತು, ಮುಷ್ಟಿಯಾಗಿಯೇ ಉಳಿಯಿತು. "ನಿಮ್ಮ ಕಾಲು ಸಡಿಲವಾಗಿ ಹೋಗಬೇಕು," ಎಂದರು. "ಪೂರ್ತಿ ಕ್ಲೋರೋಫಾರ್ಮ್ ಕೊಡೋಣವೆಂದರೆ ಈ ಎದೆ ತಡೆಯುವುದಿಲ್ಲ. ಸ್ವಲ್ಪ ಕೊಡುತ್ತೇನೆ. ಮಿಕ್ಕಿದ್ದಕ್ಕೆ ಇನ್ನೊಂದು ದಾರಿ ಇದೆ. ಹಿಪ್ನಾಟಿಸಂ ಅಂತಾರೆ. ಮಾತಿನಲ್ಲೇ ಮಂಪರು ಬರಿಸುವುದು. ಹಲ್ಲು ಕೀಳುವಾಗ, ಕುರು ಕೊಯ್ಯುವಾಗ ಮಾಡಿದ್ದೇನೆ. ಕಾಲಿಗೆ ಮಾಡಿಲ್ಲ. ಆಗುತ್ತೆ ಅಂತ ಮಾತು ಕೊಡಲಾರೆ."

"ಮಂಕುಬೂದಿ ಎರಚ್ತೀರಾ ಸ್ವಾಮಿ?"

"ಬೂದಿ ಇಲ್ಲಪ್ಪ. ಬರೀ ಮಾತು."

"ಮಾತಾದ್ರೆ ನಮ್ ಮೇಷ್ಟ್ರವ್ನಲ್ಲ. ಅವನ್ ಪಾಠ ಸುರು ಮಾಡಿದ್ರೆ ಎಮ್ಮೇನೂ ಮನಿಕತದೆ," ಎಂದು ಅಣ್ಣ ನನ್ನ ಕಡೆ ಹುಬ್ಬು ಹಾರಿಸಿದ. ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಕಣ್ಣು ಒರೆಸಿಕೊಂಡು, "ಮಾಡಿ ನೋಡಿ," ಎಂದ. ಒಪ್ಪಿಗೆ ಅಂದರೆ ಅಷ್ಟೇ.

ಅತ್ತಿಗೆಗೆ ಇದು ಮಾಟದ ಹಾಗೇ ಕಂಡಿತು. ನನ್ನನ್ನು ಜಗಲಿಗೆ ಕರೆದು, "ಮಂಪರಿಗ್ ಬಿದ್ದೋನು ವಾಪಸ್ ಬರ್ತಾನಾ? ಪೂರ್ತಿ ಬರ್ತಾನಾ? ನೀನು ಓದ್ದೋನು, ಯೋಳಪ್ಪ," ಎಂದರು. ಬರುತ್ತಾನೆ ಎಂದೆ. ನನಗೆ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಡಾಕ್ಟರು ಮೊದಲ ಸಲ ಪ್ರಯತ್ನಿಸಿದರು. ಕಿಟಕಿಗೆ ಬಟ್ಟೆ ಎಳೆದು, "ನಿಮ್ಮ ರೆಪ್ಪೆಗಳು ಭಾರವಾಗುತ್ತಿವೆ. ನಿಮ್ಮ ಉಸಿರು ಶಾಂತವಾಗುತ್ತಿದೆ," ಎಂದು ಒಂದೇ ದನಿಯಲ್ಲಿ ಹೇಳತೊಡಗಿದರು. ಅಣ್ಣ ಮರ್ಯಾದೆಗೆ ಕಣ್ಣು ಮುಚ್ಚಿಕೊಂಡ. ಆದರೆ ಮೈಯೆಲ್ಲ ಇನ್ನೂ ಸೆಟೆದುಕೊಂಡಿತು. ಅಮಲ್ದಾರರು ಮಾತಾಡುವಾಗ ನಮ್ಮ ಊರಿನವರು ಹೇಗೆ ನಿಲ್ಲುತ್ತಾರೋ ಹಾಗೆ ಅವನು ಮಲಗಿದ್ದ. ಡಾಕ್ಟರು ನಿಲ್ಲಿಸಿದರು. ಸಿಟ್ಟಾಗಲಿಲ್ಲ. "ನನ್ನ ಕನ್ನಡ ಇವರಿಗೆ ಕಚೇರಿ ಕನ್ನಡ," ಎಂದು ನನ್ನನ್ನು ಹೊರಗೆ ಕರೆದರು. ಇವನು ಎಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ ಎಂದು ಕೇಳಿದರು.

ನನಗೆ ಯೋಚಿಸಬೇಕಾಗಲಿಲ್ಲ. ದಿಮ್ಮಿ ಇಳಿಸಿ ಊರಿಗೆ ವಾಪಸಾಗುವ ಖಾಲಿ ಗಾಡಿಯಲ್ಲಿ. ಆ ದಾರಿ ಎತ್ತುಗಳಿಗೆ ಗೊತ್ತು. ಹೊಡೆಯುವವನು ಕಂಬಳಿ ಮಡಿಸಿ ಹಾಕಿಕೊಂಡು, ಗೂಟಕ್ಕೆ ಒರಗಿ ಕಣ್ಣು ಮುಚ್ಚಿದರೆ ಮನೆ ಬಾಗಿಲಲ್ಲೇ ಎಚ್ಚರ. ನಾನು ಎಷ್ಟೋ ಸಲ ಅವನ ಪಕ್ಕದಲ್ಲಿ ಕೂತು ಬಂದಿದ್ದೆ.

"ಹಾಗಾದರೆ ನೀವೇ ಕರೆದುಕೊಂಡು ಹೋಗಿ," ಎಂದರು ಡಾಕ್ಟರು. "ನಿಮ್ಮ ಮಾತಿನಲ್ಲೇ. ಆತುರ ಬೇಡ. ನೀವು ಹೆದರಿದರೆ ಅವರಿಗೆ ಗೊತ್ತಾಗುತ್ತೆ."

ನಾನು ಅಣ್ಣನ ತಲೆಯ ಹತ್ತಿರ ಕೂತು ದಾರಿ ಹೇಳಿದೆ. ಗಾಡಿ ಖಾಲಿ. ಬಿಸಿಲು ಮರದ ಹಿಂದಕ್ಕೆ ಹೋಗಿದೆ. ಕೊರಳಗಂಟೆ ಒಂದೇ ಸಮ. ಎಡಕ್ಕೆ ಹೊಂಗೆಯ ಸಾಲು, ಬಲಕ್ಕೆ ಹೊಗೆಸೊಪ್ಪಿನ ಹೊಲ, ಆಚೆ ಕೆರೆ ಏರಿ. ಹೊಂಗೆಯ ಸಾಲು ಮುಗಿಯುವಷ್ಟರಲ್ಲಿ ಅವನ ಬಾಯಿ ಸಡಿಲಾಯಿತು. ಕೆರೆ ಏರಿಯ ಮೇಲೆ ಉಸಿರು ಬದಲಾಯಿತು. ಡಾಕ್ಟರು ಅವನ ಎಡಗೈಯ ಮೇಲ್ಭಾಗಕ್ಕೆ ಸೂಜಿ ಚುಚ್ಚಿದರು. ರಕ್ತದ ಸಣ್ಣ ಹನಿ ಬಂತು. ಮುಖ ಅಲುಗಲಿಲ್ಲ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ಕರೆದಾಗ ಅಣ್ಣ ಎಚ್ಚರಾಗಿ, "ಊರ್ ಬಂತೇನ್ಲಾ?" ಎಂದ.

ಮರುದಿನ ಬೆಳಿಗ್ಗೆ ಕಾಲು ತೆಗೆಯುವುದೆಂದು ನಿಶ್ಚಯವಾಯಿತು.

ಆ ಕೋಣೆಯಲ್ಲಿ ನೀರು ಕುದಿಯುವ ಸದ್ದು ಮತ್ತು ಲೈಸಾಲಿನ ವಾಸನೆ ಇತ್ತು. ಅಣ್ಣನ ಸೊಂಟದ ಮೇಲೆ ಅಡ್ಡವಾಗಿ ಒಂದು ಬಿಳಿ ಬಟ್ಟೆಯನ್ನು ಪರದೆಯ ಹಾಗೆ ಕಟ್ಟಿದ್ದರು. ನಾನು ಈಚೆಗೆ, ತಲೆಯ ಕಡೆ ಕೂತಿದ್ದೆ. ಆಚೆ ಡಾಕ್ಟರ ಕಣ್ಣು ಮತ್ತು ಹಣೆ ಮಾತ್ರ ಕಾಣುತ್ತಿತ್ತು. ನನ್ನ ಎದುರಿಗೆ ಮಲಯಾಳದ ಕಡೆಯ ನರ್ಸಮ್ಮ ಒಂದು ಕೈಯಲ್ಲಿ ನಾಡಿ ಹಿಡಿದು, ಇನ್ನೊಂದರಲ್ಲಿ ಕ್ಲೋರೋಫಾರ್ಮಿನ ಸೀಸೆ ಇಟ್ಟುಕೊಂಡಿದ್ದರು. ಅತ್ತಿಗೆ ಬಾಗಿಲಾಚೆ.

ನಾನು ದಾರಿ ಶುರು ಮಾಡಿದೆ. ನರ್ಸಮ್ಮ ಅವನ ಮೂಗಿನ ಮೇಲಿನ ಬಟ್ಟೆಗೆ ಕೆಲವು ಹನಿ ಬಿಟ್ಟರು. ಹೊಂಗೆಯ ಸಾಲು ಮುಗಿಯಿತು. ಕೆರೆ ಏರಿ ಬಂತು. ಉಸಿರು ನಿನ್ನೆಯ ಹಾಗೇ ಇಳಿಯಿತು. ಡಾಕ್ಟರು ತೊಡೆಗೆ ಪಟ್ಟಿ ಬಿಗಿದದ್ದು, ಕೈ ಚಾಚಿ ಏನೋ ತೆಗೆದುಕೊಂಡದ್ದು ನನಗೆ ಗೊತ್ತಾಯಿತು. ನಾನು ಅಣ್ಣನ ಮುಖ ನೋಡುತ್ತಾ ಗಂಟೆಯ ಸದ್ದು ಹೇಳುತ್ತಿದ್ದೆ. ಚರ್ಮ ಕೊಯ್ಯುವಾಗ ಅವನ ಹುಬ್ಬು ಒಮ್ಮೆ ಕೂಡಿ ಬಿಟ್ಟುಕೊಂಡಿತು. ಅಷ್ಟೇ. ಆಗುತ್ತದೆ ಎಂದುಕೊಂಡೆ.

ಆಗ ಹಲಗೆಯ ಮೇಲೆ ಏನೋ ಬಡಿದ ಸದ್ದಾಯಿತು.

"ಕಾಲು," ಎಂದರು ಡಾಕ್ಟರು. "ಕಾಲು ಒತ್ತುತ್ತಿದ್ದಾರೆ. ಇಡೀ ತೊಡೆ ಕಲ್ಲಾಗಿದೆ. ನೋವಾಗ್ತಿದೆಯಾ?"

ಅಣ್ಣನ ಮುಖದಲ್ಲಿ ನೋವಿರಲಿಲ್ಲ. ಬಾಯಿ ತೆರೆದಿತ್ತು, ಕೈಗಳು ಬಿದ್ದ ಹಾಗೆ ಬಿದ್ದಿದ್ದವು. ಮೈಯೆಲ್ಲ ಮಲಗಿತ್ತು. ಮತ್ತೆ ಆ ಸದ್ದು. ಒತ್ತುವುದು, ಬಿಡುವುದು, ಒತ್ತುವುದು. ಅದು ನನಗೆ ಗೊತ್ತಿದ್ದ ಲಯ.

ನಮ್ಮ ಕಡೆ ಗಾಡಿ ಹೊಡೆಯುವವರು ನಿದ್ದೆ ಮಾಡುವಾಗ ಮೈ ಮಲಗುತ್ತದೆ, ಒಂದು ಕಾಲು ಮಲಗುವುದಿಲ್ಲ. ಅದು ಎತ್ತಿನ ಬಾಲದ ಬುಡದ ಹತ್ತಿರ ಇರುತ್ತದೆ. ಎತ್ತು ನಿಧಾನಿಸಿದರೆ ಹೆಬ್ಬೆರಳು ಒತ್ತುತ್ತದೆ, ಪಕ್ಕಕ್ಕೆ ಎಳೆದರೆ ಹಿಮ್ಮಡಿ ತಡೆಯುತ್ತದೆ. ಒಡೆಯ ಗೊರಕೆ ಹೊಡೆಯುತ್ತಿರುತ್ತಾನೆ, ಕಾಲು ಗಾಡಿ ಹೊಡೆಯುತ್ತಿರುತ್ತದೆ. ಇದು ಎಷ್ಟು ಸಾಮಾನ್ಯವೆಂದರೆ ಯಾರೂ ಇದನ್ನು ಒಂದು ವಿಷಯ ಎಂದು ಆಡುವುದಿಲ್ಲ. ಅಣ್ಣನದು ಬಲಗಾಲು. ಹಿಂದಿನ ದಿನ ಸೂಜಿ ಚುಚ್ಚಿ ನೋಡಿದ್ದು ಕೈಗೆ. ಕಾಲು ಗಾಯದ್ದೆಂದು ಅದರ ಸುತ್ತ ದಿಂಬು ಒತ್ತಿ ಇಟ್ಟಿದ್ದರು, ಅದು ಅಲುಗಿದ್ದರೂ ನಮಗೆ ಕಾಣುವಂತಿರಲಿಲ್ಲ. ಡಾಕ್ಟರಿಗೆ ಗಾಡಿಯ ವಿಷಯ ತಿಳಿಯುವಂತಿರಲಿಲ್ಲ. ನಾವು ಅಣ್ಣನ ಮೈಯನ್ನೆಲ್ಲ ಮಲಗಿಸಿ, ಯಾವ ಒಂದು ಅಂಗ ಸಡಿಲವಾಗಬೇಕಿತ್ತೋ ಅದೊಂದನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಿದ್ದೆವು.

"ಅವನು ಎತ್ತನ್ನು ಒತ್ತುತ್ತಿದ್ದಾನೆ. ನಿದ್ದೆಯಲ್ಲೂ ಆ ಕಾಲು ಗಾಡಿ ಹೊಡೆಯುತ್ತೆ," ಎಂದೆ.

ಡಾಕ್ಟರು ಒಂದು ಕ್ಷಣ ನನ್ನನ್ನು ನೋಡಿದರು. ಅರ್ಥವಾಯಿತು. "ಈ ಬಿಗಿಯಲ್ಲಿ ನಾನು ಮುಂದಕ್ಕೆ ಹೋಗುವುದಿಲ್ಲ," ಎಂದರು. "ಹೋದರೆ ಇದು ಹೀಗೇ ಒತ್ತಿಕೊಂಡು ಉಳಿಯಬಹುದು. ಇನ್ನೊಂದಿಷ್ಟು ಹನಿ ಕೊಡಿ ನರ್ಸ್."

"ಕೊಡಲಿಕ್ಕೆ ಆಗುವುದಿಲ್ಲ ಡಾಕ್ಟರ್. ನಾಡಿ ಇಳಿಯುತ್ತಾ ಉಂಟು."

"ಹಾಗಾದರೆ ಮೇಷ್ಟ್ರೇ, ಗಾಡಿ ನಿಲ್ಲಿಸಿ. ಬೇಗ. ಆದರೆ ಅವಸರದ ದನಿ ಬೇಡ."

ಬಾಗಿಲಾಚೆ ಅತ್ತಿಗೆಯ ಬಳೆಯ ಸದ್ದು ನಿಂತಿತ್ತು. ನಾನು ಅಣ್ಣನ ಕಿವಿಗೆ ಬಾಗಿದೆ. ಊರು ಬಂತು ಎಂದೆ. ನಮ್ಮ ಬೇಲಿ, ನಮ್ಮ ಬಾಗಿಲು, ಗಾಡಿ ನಿಂತಿತು. ಬಡಿತ ನಿಂತಿತು. ಆದರೆ ಡಾಕ್ಟರು ತಲೆಯಾಡಿಸಿದರು. ತೊಡೆ ಇನ್ನೂ ಬಿಗಿಯಾಗಿತ್ತು. ಎತ್ತು ನೊಗದಲ್ಲಿ ಇರುವವರೆಗೆ ಆ ಕಾಲು ಬಿಡುವುದಿಲ್ಲ ಎಂದು ನನಗೆ ಹೊಳೆಯಿತು. ಎತ್ತು ಬಿಚ್ಚಬೇಕು. ಬಿಚ್ಚಲು ಅವನು ಎದ್ದರೆ ಎರಡು ಕಾಲಿನ ಮೇಲೆ ನಿಲ್ಲುತ್ತಾನೆ, ಆ ಕಾಲು ಮತ್ತೆ ಬಿಗಿಯುತ್ತದೆ.

"ಅಣ್ಣಯ್ಯ, ನೀನ್ ಏಳ್ಬ್ಯಾಡ," ಎಂದೆ. "ನೀನು ಮಲಗಿರು. ಎತ್ತು ನಾನ್ ಬಿಚ್ತೀನಿ."

ಅವನ ಹುಬ್ಬು ಕೂಡಿತು. ಅಣ್ಣ ತನ್ನ ಎತ್ತುಗಳನ್ನು ಬೇರೆಯವರ ಕೈಗೆ ಬಿಡುವವನಲ್ಲ. ನನಗಂತೂ ಅವನು ಹಗ್ಗವನ್ನೂ ಕೊಟ್ಟವನಲ್ಲ. ಕೆಳದನಿಯಲ್ಲಿ, ತುಟಿ ಅಲುಗದೆ, "ನೀನಾ?" ಎಂದ.

"ಊಂ. ನಾನೇ."

"ಬಲದ್ದು ಒದೀತದೆ ಕಣ್ಲಾ."

"ಗೊತ್ತು. ಪಕ್ಕದಿಂದ ಬತ್ತೀನಿ."

"ಸೀಮೆಸುಣ್ಣ ಇಡ್ಯೋ ಕೈ ನಿಂದು."

ನರ್ಸಮ್ಮ ನನ್ನ ಮುಖ ನೋಡುತ್ತಿದ್ದರು. ಅವರ ಬೆರಳು ಅವನ ಮಣಿಕಟ್ಟಿನ ಮೇಲೆ ಜಾಗ ಬದಲಾಯಿಸಿ ನಾಡಿ ಹುಡುಕುತ್ತಿತ್ತು. ನನ್ನ ಬೆವರು ಅಣ್ಣನ ದಿಂಬಿನ ಮೇಲೆ ಬೀಳುವುದನ್ನು ನೋಡಿದೆ.

"ಬುಡು ಅಣ್ಣಯ್ಯ," ಎಂದೆ. "ಇವತ್ತೊಂದಿನ ನನಗೆ ಬುಡು. ನಿನ್ ಕಾಲಿಗೆ ಇನ್ ಕೆಲಸ ಇಲ್ಲ. ಹಗ್ಗ ಕೊಡು."

ನೀರು ಕುದಿಯುತ್ತಲೇ ಇತ್ತು. ಕೊನೆಗೆ ಹಾಸಿಗೆಯ ಮೇಲೆ ಬಿದ್ದಿದ್ದ ಅವನ ಬಲಗೈಯ ಬೆರಳು ಅರ್ಧ ತೆರೆದವು. "ಮೆತ್ಗೆ," ಎಂದ.

ನಾನು ಬಿಚ್ಚಿದೆ. ಕೊರಳ ಕಣ್ಣಿ ಸಡಿಲಿಸಿದ್ದು, ನೊಗ ಎತ್ತಿ ಹಿಡಿದದ್ದು, ಎಡದ್ದು ಹೊರಗೆ ಬಂದದ್ದು, ಬಲದ್ದು ಹೊರಗೆ ಬಂದದ್ದು, ಒದೆಯದೆ ಬಂದದ್ದು, ಎರಡೂ ತೊಟ್ಟಿಗೆ ಬಾಯಿ ಹಾಕಿದ್ದು ಎಲ್ಲವನ್ನೂ ಹೇಳಿದೆ. ಬಟ್ಟೆಯಾಚೆ ಡಾಕ್ಟರ ಕಣ್ಣು ಕೆಳಗೆ ಇಳಿಯಿತು. "ಬಿಟ್ಟರು," ಎಂದರು ಅವರು, ಬಹಳ ಮೆಲ್ಲಗೆ. ಆಮೇಲೆ ಗರಗಸದ ಸದ್ದು. ಆ ಸದ್ದು ಮುಗಿಯುವವರೆಗೂ ನಾನು ಎತ್ತುಗಳಿಗೆ ನೀರು ಕುಡಿಸುತ್ತಿದ್ದೆ. ಅಣ್ಣ ಒಮ್ಮೆಯೂ ಅಲುಗಲಿಲ್ಲ.

ಎಚ್ಚರವಾದಾಗ ಅವನು ಕಾಲಿನ ವಿಷಯ ಕೇಳಲಿಲ್ಲ. "ಒದೀತಾ?" ಎಂದ. ಇಲ್ಲ ಎಂದೆ. ಮತ್ತೆ ಕಣ್ಣು ಮುಚ್ಚಿದ.

ಆಮೇಲಿನ ದಿನಗಳು ನನಗೆ ಆ ಬೆಳಿಗ್ಗೆಗಿಂತ ಕಷ್ಟವಾದವು. ಗಾಯ ನೋಯುತ್ತಿತ್ತು, ಪಟ್ಟಿ ಬದಲಾಯಿಸುವಾಗ ನರಳುತ್ತಿದ್ದ. ನಾವು ಕಾಯುತ್ತಿದ್ದದ್ದು ಅದಕ್ಕಲ್ಲ. ಅವನು ಹೊರಳಿದರೆ ಅತ್ತಿಗೆ ನನ್ನನ್ನು ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ. ಅವನೋ ಮಾತೇ ಕಡಿಮೆ ಮಾಡಿದ್ದ. ಕೊಟ್ಟದ್ದು ಉಣ್ಣುತ್ತಿದ್ದ, ಸೂರು ನೋಡುತ್ತಿದ್ದ, ಎತ್ತುಗಳು ಎಲ್ಲಿವೆ ಎಂದು ಕೇಳುತ್ತಿರಲಿಲ್ಲ. "ಪೂರ್ತಿ ಬಂದಿಲ್ಲ ಕಣಪ್ಪ ಇವ್ನು," ಎಂದು ಅತ್ತಿಗೆ ಜಗಲಿಯಲ್ಲಿ ಅತ್ತರು. "ನೋವಿನ್ ಜೊತೆ ಇನ್ನೇನೋ ಬಿಚ್ಬುಟ್ಟೆ ನೀನು." ಡಾಕ್ಟರನ್ನು ಕೇಳಿದೆ. ಜ್ವರ ಇಳಿಯಲಿ ಎಂದರು. ನಾವು ಮಾಡಿದ್ದರಿಂದ ನೋವು ಬರದೆ ಹೋದರೂ, ಅದು ಅದರಿಂದಲೇ ಎಂದು ತಾವು ಯಾರಿಗೂ ಹೇಳುವಂತಿಲ್ಲ ಎಂದೂ ಅಂದರು.

ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಗಂಜಿ ತಂದರು. ಕೈಯಲ್ಲಿ ಬಿಸಿ ಪಾತ್ರೆ, ಇಡಲು ಜಾಗ ಹುಡುಕುತ್ತಾ ಮಂಚದ ಕೊನೆಯ ಖಾಲಿ ಜಾಗದಲ್ಲಿ ಕೂತುಬಿಟ್ಟರು. ಎಡಗಾಲು ಗೋಡೆಯ ಕಡೆ ಇತ್ತು. ಅವರು ಕೂತದ್ದು ಬಲಗಾಲು ಇರಬೇಕಾಗಿದ್ದಲ್ಲಿ.

"ಲೇ, ಕಣ್ ಕಾಣಾಕಿಲ್ವಾ? ಕಾಲ್ ಮ್ಯಾಲೆ ಕೂತಿದ್ದೀಯಲ್ಲ!" ಎಂದ ಅಣ್ಣ.

ಅತ್ತಿಗೆ ಕೂತಲ್ಲೇ ಕಲ್ಲಾದರು. ಪಾತ್ರೆ ಓರೆಯಾಗಿ ಗಂಜಿ ಸೆರಗಿಗೆ ಸುರಿಯಿತು. ಅವರಿಗೆ ಅದು ಗೊತ್ತಾಗಲಿಲ್ಲ. ಅಪ್ಪನಿಗೂ ಹೀಗೇ ಮೊದಲಾಗಿತ್ತು, ಕೈ ಇದೆ ಎಂಬಲ್ಲಿಂದ. ನಾನು ಮಂಚದ ಕಂಬಿ ಹಿಡಿದುಕೊಂಡೆ.

"ಕಾಲು ಅದೆಯಾ ಅಲ್ಲಿ?" ಎಂದರು ಅತ್ತಿಗೆ.

"ಅದೆ."

"ಎಂಗದೆ?"

ಅಣ್ಣ ತನ್ನ ಮುಂದಿನ ಖಾಲಿ ಕಂಬಳಿಯನ್ನು ಬಹಳ ಹೊತ್ತು ನೋಡಿದ. ಅಲ್ಲಿ ಇಲ್ಲದ್ದನ್ನು ಮೆಲ್ಲಗೆ ಅಲುಗಿಸಿ ನೋಡುವವನ ಹಾಗೆ ಅವನ ತುಟಿ ಬಿಗಿಯಿತು. ಆಮೇಲೆ ಬಿಟ್ಟಿತು.

"ಸುಮ್ಕೆ ಬಿದ್ದದೆ."

"ನೋಯ್ತದಾ?"

"ಇಲ್ಲ ಕಣೆ."

ಅತ್ತಿಗೆ ಏಳಲು ಹೋದರು. ಅಣ್ಣ ಅವರ ಸೆರಗು ಹಿಡಿದು, ಗಂಜಿ ಸುರಿದಿರುವುದನ್ನು ಅಂಗೈಯಿಂದ ಒರೆಸುತ್ತಾ, "ಕೂತ್ಕ," ಎಂದ. "ಅಲ್ಲೇ ಕೂತ್ಕ."